ಕಾಗದದ ಹಕ್ಕು ಕೈಗೆ ಬರಬೇಕಾದರೆ



"ಕಾನೂನು ದಿಲ್ಲಿ, ಬೆಂಗಳೂರಿನೊಳಗ ಇರತೈತಿ, ಕುಕನೂರಿಗೆ ಬರಂಗಿಲ್ಲ ಬಿಡ್ರಿ" ಎಂಬ ಮಾತನ್ನು ಸಂಘದ ಸಭೆಗಳಲ್ಲಿ ನಾನು ಹಲವು ಸಲ ಕೇಳಿದ್ದೇನೆ. ಕಾನೂನು ತಾನಾಗಿ ಎಲ್ಲಿಗೂ ಬರುವುದಿಲ್ಲ, ಅದನ್ನು ಕರೆತರಬೇಕಾಗುತ್ತದೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು ನಾನು. ಇದಕ್ಕೊಂದು ದೂರದ ಉದಾಹರಣೆ ಕೊಡುತ್ತೇನೆ.

1957ರಲ್ಲಿ ಯುರೋಪಿನ ಆರು ದೇಶಗಳು ರೋಮ್ ನಗರದಲ್ಲಿ ವ್ಯಾಪಾರಕ್ಕಾಗಿ ಒಂದು ಒಪ್ಪಂದ ಮಾಡಿಕೊಂಡವು. ಸಮಾನ ಕೆಲಸಕ್ಕೆ ಹೆಣ್ಣು ಗಂಡಿಗೆ ಸಮಾನ ವೇತನ ಎಂದು ಅದರ 119ನೇ ವಿಧಿ ಹೇಳಿತು. ಇದು ಹೆಣ್ಣಿನ ಮೇಲಿನ ಮಮತೆಯಿಂದ ಬಂದದ್ದಲ್ಲ. ನೆರೆಯ ದೇಶಗಳು ಹೆಂಗಸರಿಗೆ ಕಡಿಮೆ ಕೂಲಿ ಕೊಟ್ಟು ಅಗ್ಗದ ಸರಕು ಮಾರಿಯಾವೆಂಬ ಭಯ ಫ್ರಾನ್ಸಿಗಿತ್ತು. ಬರೆದದ್ದೇನೋ ಆಯಿತು, ಜಾರಿ ಮಾಡುವವರಿರಲಿಲ್ಲ.

ಆ ಸಾಲನ್ನು ಎಬ್ಬಿಸಿದವರು ಹೆಂಗಸರೇ. 1966ರಲ್ಲಿ ಬೆಲ್ಜಿಯಂ ದೇಶದ ಹೆರ್ಸ್ಟಾಲ್ ಊರಿನ ಬಂದೂಕು ಕಾರ್ಖಾನೆಯ ಕೆಲಸಗಾರ್ತಿಯರು ಸಮಾನ ವೇತನ ಕೇಳಿ ವಾರಗಟ್ಟಲೆ ಮುಷ್ಕರ ಹೂಡಿದರು. ಅದೇ ದೇಶದ ಗಗನಸಖಿ ಗೇಬ್ರಿಯೆಲ್ ಡೆಫ್ರೆನ್ ಕೋರ್ಟಿನ ಮೆಟ್ಟಿಲೇರಿದಳು. ಅದೇ ಕೆಲಸ ಮಾಡುವ ಗಂಡಸಿಗಿಂತ ಅವಳ ಸಂಬಳ ಕಡಿಮೆ. ನಲವತ್ತು ತುಂಬಿದೊಡನೆ ಹೆಂಗಸರಿಗೆ ಮಾತ್ರ ಮನೆಯ ದಾರಿ. ಅವಳ ವಕೀಲೆ ಎಲಿಯಾನ್ ವೋಗೆಲ್ ಪೋಲ್ಸ್ಕಿ. 1976ರಲ್ಲಿ ಒಕ್ಕೂಟದ ನ್ಯಾಯಾಲಯ, ಈ ಹಕ್ಕನ್ನು ಯಾವ ಹೆಣ್ಣಾದರೂ ತನ್ನ ದೇಶದ ಕೋರ್ಟಿನಲ್ಲಿ ನೇರವಾಗಿ ಕೇಳಬಹುದು ಎಂದು ತೀರ್ಪಿತ್ತಿತು. ಹತ್ತೊಂಬತ್ತು ವರ್ಷ ಕಾಗದದಲ್ಲಿ ಮಲಗಿದ್ದ ಹಕ್ಕು ಎದ್ದು ನಿಂತಿತು.

ಇಂದು ಆ ಒಕ್ಕೂಟದಲ್ಲಿ 27 ದೇಶಗಳಿವೆ. ಹೆಣ್ಣಿನ ಮೇಲಿನ ಹಿಂಸೆ ಮತ್ತು ಕೌಟುಂಬಿಕ ಹಿಂಸೆಯನ್ನು ತಡೆಯಲು 2024ರಲ್ಲಿ ಅದು ಒಂದು ನಿರ್ದೇಶನ ತಂದಿತು. 2027ರ ಜೂನ್ ಒಳಗೆ ಆ ನಿರ್ದೇಶನಕ್ಕೆ ಒಳಪಟ್ಟ ದೇಶಗಳು ಅದಕ್ಕೆ ತಕ್ಕ ಕಾನೂನು ಮಾಡಬೇಕು. ಆದರೆ ಒಪ್ಪಿಗೆಯಿಲ್ಲದ ಸಂಭೋಗವೆಲ್ಲ ಅತ್ಯಾಚಾರ ಎಂಬ ವಿಧಿಗೆ ಕೆಲವು ಸರಕಾರಗಳು ಒಪ್ಪದೆ ಅದು ಬಿಟ್ಟುಹೋಯಿತು. ಅಲ್ಲಿಯೂ ಹೋರಾಟ ಮುಗಿದಿಲ್ಲ.

ಇನ್ನು ನಮ್ಮ ಮನೆಯ ಮಾತು. 1961ರ ಕಾಯ್ದೆಯ ಪ್ರಕಾರ ವರದಕ್ಷಿಣೆ ಅಪರಾಧ. ಅಷ್ಟೇ ಅಲ್ಲ, ಬೇರೆಯವರ ಕೈಸೇರಿದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನೆ ಯಾರ ಹೆಸರಿನಲ್ಲಿದ್ದರೂ ಸೊಸೆಗೆ ಅಲ್ಲಿ ವಾಸಿಸುವ ಹಕ್ಕಿದೆ. ಅರ್ಜಿ ತಲುಪಿದ ಮೂರು ದಿನಗಳೊಳಗೆ ಮೊದಲ ವಿಚಾರಣೆ ಸಾಮಾನ್ಯವಾಗಿ ನಡೆಯಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕೆಲಸದಿಂದ ನಿಮಗೆ ಪರಿಚಿತರಾದ ಅದೇ ಸಿಡಿಪಿಒ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರನ್ನು ಕಾನೂನು ಸೇವಾ ಸಮಿತಿ ಕೊಡುತ್ತದೆ. ಸಹಾಯವಾಣಿ 181.

ಇಷ್ಟಿದ್ದೂ ಪೆಟ್ಟು ತಿಂದ ಹುಡುಗಿಗೆ ಹಿರಿಯರು "ಹೊಂದಿಕೊಂಡು ಹೋಗವ್ವ" ಎಂದು ಬುದ್ಧಿ ಹೇಳಿ ಮತ್ತೆ ಅದೇ ಮನೆಗೆ ಕಳಿಸುತ್ತಾರೆ. ಆಕೆ ಒಂಟಿಯಾಗಿ ಕಚೇರಿಗೆ ಹೋದರೆ ನಾಳೆ ಬಾ ಎನ್ನುವುದು ಸುಲಭ. ಹತ್ತು ಮಂದಿ ಜೊತೆಗೆ ನಿಂತರೆ ಅಷ್ಟು ಸುಲಭವಲ್ಲ.

ಸಾಲದ ಕಂತಿಗೆ ವಾರವಾರ ಸೇರುವ ನಾವು ಇದೊಂದು ಕೆಲಸವನ್ನೂ ಮಾಡೋಣ. ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಸಂರಕ್ಷಣಾಧಿಕಾರಿಯ ಹೆಸರು, ಫೋನ್ ನಂಬರು ಬರೆಯೋಣ. ಅರ್ಜಿ ಕೊಡುವ ಅಕ್ಕನ ಜೊತೆ ಇಬ್ಬರಾದರೂ ಹೋಗೋಣ. ಅರ್ಜಿ ಮುಟ್ಟಿದ್ದಕ್ಕೆ ಸಹಿ, ಶಿಕ್ಕಾ ಇರುವ ಸ್ವೀಕೃತಿ ಪಡೆಯದೆ ಕಚೇರಿ ಬಿಟ್ಟು ಬರುವುದು ಬೇಡ.