ನೇತ್ರಾಣಿಯ ಹವಳಕ್ಕೆ ಲೆಕ್ಕ ಬೇಕು, ಲೆಕ್ಕ ಇಡುವವರಿಗೆ ಸಂಬಳ ಬೇಕು



ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಸೀಸನ್‌ನಲ್ಲಿ ಡೈವಿಂಗ್ ಬೋಟುಗಳು ಹೋಗುತ್ತವೆ, ಫೋಟೊಗಳಿಗೇನೂ ಬರವಿಲ್ಲ. ಆದರೆ ಫೋಟೊ ಬೇರೆ, ಲೆಕ್ಕ ಬೇರೆ.

ಲೆಕ್ಕ ಹಿಡಿಯುವವರು ಹವಳದ ದಿಬ್ಬದ ಮೇಲೆ ಉದ್ದಕ್ಕೆ ಟೇಪ್ ಹಾಸುತ್ತಾರೆ. ಅದರಡಿ ಬರುವ ಜೀವಂತ ಹವಳ, ಸತ್ತ ಹವಳ, ಪಾಚಿ, ಮರಳು ಎಲ್ಲವನ್ನೂ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತಿಸುತ್ತಾರೆ. ಮರುವರ್ಷ ಮತ್ತೆ ಅದೇ ಜಾಗ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ, ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ್ದೆಲ್ಲ ಸತ್ತದ್ದಲ್ಲ. ಬದುಕಿತೋ ಸತ್ತಿತೋ ತಿಳಿಯಲು ಕೆಲವು ವಾರ ಬಿಟ್ಟು ಮತ್ತೆ ಮುಳುಗಿ ನೋಡಬೇಕು. ನಮ್ಮ ಕಡಲು ಕಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಜೂನ್ ಬಂತೆಂದರೆ ಮಳೆಗಾಲ, ಬೋಟು ಇಳಿಸುವಂತಿಲ್ಲ. ಬಿಳಿಚಿದ ಸುದ್ದಿ ಬಂದ ಮೇಲೆ ಅರ್ಜಿ ಹಾಕಿ ಮಂಜೂರಾತಿಗೆ ಕಾದರೆ ಆ ವರ್ಷ ಹೋದಂತೆಯೇ. ದುಡ್ಡೂ ಜನವೂ ಮೊದಲೇ ದಡದಲ್ಲಿರಬೇಕು.

ಲಕ್ಷದ್ವೀಪವನ್ನು ನೋಡಿ. ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ಕರಾವಳಿಯ, ಮಂಗಳೂರು ಕೇಂದ್ರವಾಗಿದ್ದ ಜಿಲ್ಲೆಯಲ್ಲೇ ಇದ್ದವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳ ಲೆಕ್ಕವನ್ನು 1998ರಿಂದ ಇಟ್ಟಿದ್ದಾರೆ. ಆಗ ನೂರಕ್ಕೆ ಸುಮಾರು 37 ಪಾಲಿದ್ದ ಜೀವಂತ ಹವಳ 2022ಕ್ಕೆ 20ರ ಕೆಳಗಿಳಿದಿದೆ. ನಡುವೆ ಚೇತರಿಸಿಕೊಂಡ ವರ್ಷಗಳೂ ಇದ್ದವು; ಅವನ್ನಷ್ಟೇ ಕಂಡವರು ಎಲ್ಲ ಸರಿಯಿದೆ ಎಂದು ವರದಿ ಬರೆದು ಎದ್ದು ಹೋಗುತ್ತಿದ್ದರು.

ಇಷ್ಟು ಕಾಲ ಒಂದೇ ಕಡೆ ನಿಲ್ಲುವವರು ಯಾರು? ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಅದು ಹೊಟ್ಟೆಪಾಡಿಗಾಯಿತು. ಬೋಟಿನ ಡೀಸೆಲ್, ಸಿಲಿಂಡರ್, ಜೊತೆಗೆ ಮುಳುಗುವ ಇನ್ನೊಬ್ಬರ ಕೂಲಿ? ಅದಕ್ಕೆ ಯಾವುದಾದರೂ ಪ್ರಾಜೆಕ್ಟನ್ನೇ ಹಿಡಿಯಬೇಕು. ಪ್ರಾಜೆಕ್ಟ್ ಮುಗಿದ ದಿನ ಲೆಕ್ಕ ಹಿಡಿಯುತ್ತಿದ್ದ ಹುಡುಗಿ ಬೆಂಗಳೂರಿನ ಬಸ್ಸು ಹತ್ತಿದರೆ ಅವಳನ್ನು ದೂರುವಂತಿಲ್ಲ.

ಲೆಕ್ಕ ಶುರುವಾದರೆ ನಾಳೆ ಬಲೆ ಬೀಸುವುದಕ್ಕೇ ನಿಷೇಧ ಬರುತ್ತದೆ ಎಂಬ ಅಂಜಿಕೆ ಮೀನುಗಾರರಲ್ಲಿದ್ದರೆ ಅದನ್ನು ತಳ್ಳಿಹಾಕಲಾಗದು. ನಾವು ಹೇಳುವುದಿಷ್ಟೆ: ಲೆಕ್ಕವಿಲ್ಲದ ಕಡೆಯೇ ತಪ್ಪೆಲ್ಲ ಬಲೆಯ ಮೇಲೆ ಬೀಳುವುದು. ಬಿಸಿನೀರಿಗೆ ಸತ್ತದ್ದೆಷ್ಟು, ಲಂಗರು ಬಿದ್ದು ಮುರಿದದ್ದೆಷ್ಟು, ಬಲೆ ಸಿಕ್ಕಿ ಹಾಳಾದದ್ದೆಷ್ಟು ಎಂದು ಬೇರೆಬೇರೆ ಬರೆದಿಟ್ಟಿದ್ದರೆ ಅಧಿಕಾರಿಯ ಎದುರು ಮಾತಾಡಲು ಮೀನುಗಾರರ ಕೈಯಲ್ಲಿ ಕಾಗದವಿರುತ್ತದೆ.

ಆದ್ದರಿಂದ ರಾಜ್ಯ ಸರ್ಕಾರ ಎಳೆಯ ಸಮುದ್ರ ವಿಜ್ಞಾನಿಗಳಿಗೆ ಐದು ವರ್ಷದ ಫೆಲೋಶಿಪ್ ಕೊಡಲಿ. ಬೋಟು, ಡೈವಿಂಗ್ ಖರ್ಚು ಪ್ರತ್ಯೇಕವಾಗಿ, ಮಾರ್ಚ್ ಒಳಗೇ ಕೈಸೇರಲಿ. ಮೀನುಗಾರರ ಮನೆಯ ಮಕ್ಕಳಿಗೆ ಮೀಸಲು ಇರಲಿ. ಕಡಲ ಸೆಳೆತ ಅವರಿಗೆ ಕಲಿಸಬೇಕಾಗಿಲ್ಲ. ವರ್ಷವರ್ಷದ ಅಂಕಿ ಕನ್ನಡದಲ್ಲಿ ಮೀನುಗಾರರ ಸೊಸೈಟಿಯ ನೋಟಿಸ್ ಬೋರ್ಡಿಗೆ ಬರಲಿ. ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಹೊಸ ಕಟ್ಟಡ ಬೇಡ, ಶಿಲಾನ್ಯಾಸವಂತೂ ಬೇಡವೇ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಪ್ರತಿಯನ್ನು ಶಾಸಕರಿಗೂ ಮೀನುಗಾರಿಕೆ ಸಚಿವರಿಗೂ ಕಳಿಸಿ. ಆಗಲಿ ನೋಡೋಣ ಎಂದರೆ, ಬಜೆಟ್ ಪುಸ್ತಕದ ಯಾವ ಪುಟದಲ್ಲಿ ನೋಡಬೇಕೆಂದು ಕೇಳಿ.