ಪರದೆ ಬರೆದ ಕೈ

ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಹಳ್ಳಿಗಳಲ್ಲಿ ನಾಟಕದ ಮಾತು ಏಳುವುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ. ಒಕ್ಕಲು ಮಕ್ಕಳು ತಮ್ಮ ಕೈಯಿಂದಲೇ ಹಣ ತೆತ್ತು ದುರ್ಯೋಧನನ ಪಾತ್ರವನ್ನೋ ಕೃಷ್ಣನ ಪಾತ್ರವನ್ನೋ ವಹಿಸಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ರಾತ್ರಿಗಳನ್ನು ಲೆಕ್ಕಿಸದೆ ಕಂದ, ವೃತ್ತಗಳನ್ನು ಕಲಿಸುತ್ತಾರೆ. ಕಟ್ಟಕಡೆಗೆ ಒಂದು ದಿನ ಊರ ಮುಂದೆ ಲಾರಿಯೊಂದು ಬಂದು ನಿಲ್ಲುತ್ತದೆ. ಪರದೆಗಳು, ಪಕ್ಕದ ರೆಕ್ಕೆಗಳು, ಝಾಲರಿ, ಸಿಂಹಾಸನ, ಬೇಗಡೆ ಹಚ್ಚಿದ ಕಿರೀಟ, ಗದೆ, ಬಿಲ್ಲು, ದೀಪ ಎಲ್ಲವೂ ಇಳಿಯುತ್ತವೆ. ಹೊತ್ತು ಮುಳುಗುವಷ್ಟರಲ್ಲಿ ಬಯಲು ಹಸ್ತಿನಾವತಿಯಾಗುತ್ತದೆ. ಬೆಳಗಾದ ಮೇಲೆ ಮತ್ತೆ ಬಯಲೇ ಉಳಿಯುತ್ತದೆ.

ಆ ಲಾರಿಯ ಒಡೆಯರನ್ನು ಜನರು ‘ಡ್ರಾಮಾ ಸೀನರಿಯವರು’ ಎನ್ನುತ್ತಾರೆ. ಇಂಥವರಿಲ್ಲದಿದ್ದರೆ ಹಳ್ಳಿಯ ನಾಟಕವೇ ಇಲ್ಲ. ಆದರೂ ಕರಪತ್ರದಲ್ಲಿ ನಟರ ಹೆಸರು, ಮೇಷ್ಟ್ರ ಹೆಸರು, ಅಧ್ಯಕ್ಷರ ಹೆಸರು ಇರುವಲ್ಲಿ, ಆ ಪರದೆಯನ್ನು ಬರೆದ ಚಿತ್ರಗಾರನ ಹೆಸರನ್ನು ನಾವು ಕಾಣುವುದು ಅಪರೂಪ.

ಈ ಕಸಬು ನಿನ್ನೆ ಮೊನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾರ್ಸಿ ಮಂಡಳಿಗಳು ಬಣ್ಣದ ಪರದೆಗಳನ್ನು ಹೊತ್ತು ಊರೂರು ಸುತ್ತಿ ಜನರನ್ನು ಬೆರಗುಗೊಳಿಸಿದವು. ನಮ್ಮವರು ಆ ವಿದ್ಯೆಯನ್ನು ಕಲಿತು ತಮ್ಮದಾಗಿಸಿಕೊಂಡರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯನ್ನು ವೀರಣ್ಣನವರು ಬೆಳೆಸಿ, ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಅತ್ತ ಗದಗಿನಲ್ಲಿ ಗರೂಡ ಸದಾಶಿವರಾಯರ ಮಂಡಳಿಯೂ ಜನಮನವನ್ನು ಗೆದ್ದಿತು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದೇ ರಾಜ್ಯವಾಗುವುದಕ್ಕೆ ಬಹು ಮುಂಚೆಯೇ, ಮೈಸೂರಿನ ಕನ್ನಡಿಗನೂ ಮುಂಬಯಿ ಪ್ರಾಂತದ ಕನ್ನಡಿಗನೂ ಇಂಥದೇ ಪರದೆಗಳ ಮುಂದೆ ಕುಳಿತು ಒಂದೇ ನುಡಿಯ ನಾಟಕಕ್ಕೆ ಕಣ್ಣೀರು ಸುರಿಸಿದ್ದರು. ಆ ವೈಭವದ ಪಾಲೊಂದನ್ನು ಬಾಡಿಗೆಯ ದರದಲ್ಲಿ ಇಂದಿಗೂ ಹಳ್ಳಿಗೆ ಮುಟ್ಟಿಸುತ್ತಿರುವವರು ಈ ಸೀನರಿಯವರೇ ಅಲ್ಲವೆ?

ಈಗ ಆ ಕೈಬರಹದ ಪರದೆಯೇ ಅಳಿಯುವ ಕಾಲ ಬಂದಿದೆ. ಬಟ್ಟೆಯ ಪಟ್ಟಿಗಳನ್ನು ಹೊಲಿದು, ಅಂಟಿನಲ್ಲಿ ಕಲಸಿದ ಬಣ್ಣದಿಂದ ಬೀದಿ, ಕಾಡು, ಸೆರೆಮನೆ, ದರ್ಬಾರುಗಳನ್ನು ಬರೆಯಬೇಕು. ಹತ್ತು ಅಡಿ ಆಳದ ರಂಗದಲ್ಲಿ ನೂರು ಕಂಬದ ಸಭೆ ತೋರಬೇಕಾದರೆ ಯಾವ ಗೆರೆ ಎಲ್ಲಿ ಕುಗ್ಗಬೇಕೆಂಬುದನ್ನು ಬಲ್ಲ ಕಣ್ಣು ಬೇಕು. ಇಷ್ಟು ಶ್ರಮದ ಜಾಗಕ್ಕೆ ಫ್ಲೆಕ್ಸಿನ ಮುದ್ರಿತ ಹಾಳೆ ಬಂದು ಕುಳಿತಿದೆ. ಅದು ಅಗ್ಗ, ಬೇಗ ಸಿದ್ಧವಾಗುತ್ತದೆ, ಮಳೆಗೆ ಬಣ್ಣ ಬಿಡದು. ಸೀನರಿಯವರನ್ನು ನಾವು ದೂರಲಾರೆವು. ಬಾಡಿಗೆಯಲ್ಲಿ ಚೌಕಾಶಿ ಮಾಡಿದವರು ನಾವೇ ಆಗಿರುವಾಗ, ಚಿತ್ರಗಾರನಿಗೆ ಕೂಲಿಯನ್ನು ಅವರು ಎಲ್ಲಿಂದ ತರಬೇಕು? ಆದರೆ ದೀಪ ಬಿದ್ದೊಡನೆ ಫ್ಲೆಕ್ಸು ಮಿರುಗಿ ಕಣ್ಣಿಗೆ ಚುಚ್ಚುತ್ತದೆ. ಬಟ್ಟೆಯ ಪರದೆಯೋ ಬೆಳಕನ್ನು ಹೀರಿಕೊಂಡು ನಟನನ್ನು ಮುಂದೆ ಬಿಡುತ್ತದೆ. ಈ ಭೇದವನ್ನು ನೋಡಿ ತಿಳಿಯದ ಪೀಳಿಗೆ ಅದನ್ನು ಕೇಳುವುದೂ ಇಲ್ಲ.

ಸ್ವೀಡನ್ ದೇಶದ ಡ್ರಾಟ್ನಿಂಗ್‌ಹಾಲ್ಮ್ ಅರಮನೆಯಲ್ಲಿ 1766ರಲ್ಲಿ ಕಟ್ಟಿದ ನಾಟಕಶಾಲೆ ಬಹುಕಾಲ ಮರೆತುಹೋಗಿದ್ದಿತು. 1921ರಲ್ಲಿ ಬಾಗಿಲು ತೆರೆದಾಗ ಹಳೆಯ ಪರದೆಗಳೂ ಅವನ್ನು ಎಳೆಯುವ ಯಂತ್ರಗಳೂ ಅಲ್ಲಿಯೇ ಇದ್ದವು. ಆ ಜನರು ಅವನ್ನು ಕಣ್ಣಿನಂತೆ ಕಾಯ್ದುಕೊಂಡರು. ನಮ್ಮ ಪರದೆಗಳಿಗೆ ಅರಮನೆಯ ಆಸರೆಯಿಲ್ಲ. ಗೋದಾಮಿನ ಮೂಲೆಯಲ್ಲಿ ಸುತ್ತಿಟ್ಟರೆ ಇಲಿ ಗೆದ್ದಲುಗಳಿಗೆ ಆಹಾರವಾಗುವುದಷ್ಟೆ.

ನಾವು ಕೇಳುವುದು ದೊಡ್ಡದೇನಲ್ಲ. ಹಾಸನಾಂಬ ಕಲಾಕ್ಷೇತ್ರದಲ್ಲಿ ಕೈಯಿಂದ ಬರೆದ ಪರದೆಗಳ ಒಂದು ಪೂರ್ಣ ಸಜ್ಜು ಉಳಿಯಲಿ, ವರ್ಷಕ್ಕೊಂದು ನಾಟಕವಾದರೂ ಅದರ ಮುಂದೆ ನಡೆಯಲಿ. ಉಪಾಧ್ಯಾಯ ಮಹಾಶಯರು ಶಾಲೆಯ ವಾರ್ಷಿಕೋತ್ಸವಕ್ಕೆ ಒಬ್ಬ ಚಿತ್ರಗಾರನನ್ನು ಕರೆಸಿ, ಮಕ್ಕಳ ಎದುರಿನಲ್ಲಿಯೇ ಒಂದು ಪರದೆಯನ್ನು ಬರೆಯಿಸಲಿ. ಹಳ್ಳಿಯ ನಾಟಕ ಮಂಡಳಿಗಳು ಮುಂದಿನ ಕರಪತ್ರದಲ್ಲಿ ಆತನ ಹೆಸರಿಗೆ ಒಂದು ಸಾಲನ್ನು ಬಿಡಲಿ. ರಾತ್ರಿಯಿಡೀ ನಮ್ಮೆದುರು ಹಸ್ತಿನಾವತಿಯನ್ನು ನಿಲ್ಲಿಸಿದವನಿಗೆ ಒಂದು ಸಾಲು ಹೆಚ್ಚಾದೀತೆ?