ಗೆದ್ದ ದಿನಕ್ಕೂ ಕಟ್ಟಳೆ ಬೇಕು

ನಮ್ಮ ಗೋನೆಗಂಡ್ಲ, ಎಮ್ಮಿಗನೂರು, ಆದೋನಿ ಸೀಮೆಯ ಜಾತ್ರೆಗಳಲ್ಲಿ ಬಂಡೆ ಎಳೆಸುವ ಪಂದ್ಯ ನಡೆದರೆ ಅಲ್ಲಿನ ಕಟ್ಟುನಿಟ್ಟನ್ನು ಯಾರೂ ಹಳಿಯುವಂತಿಲ್ಲ. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲಿನ ಜೋಡಿ ಬೇರೆ, ಎರಡು ಹಲ್ಲಿನದು ಬೇರೆ, ನಾಲ್ಕು, ಆರು ಹಲ್ಲಿನವು ಬೇರೆ. ಬಂಡೆಯ ತೂಕ ಮೊದಲೇ ಗೊತ್ತಾಗಿರುತ್ತದೆ, ಗಡಿಯಾರ ಹಿಡಿದವರು ಹೊತ್ತು ನೋಡುತ್ತಾರೆ, ಟೇಪು ಹಿಡಿದವರು ಎಳೆದ ದೂರವನ್ನು ಅಡಿ ಅಂಗುಲಗಳಲ್ಲಿ ಅಳೆಯುತ್ತಾರೆ. ಒಂದು ಅಂಗುಲದ ತಕರಾರು ಬಂದರೂ ಹಿರಿಯರು ಕೂತು ಇತ್ಯರ್ಥ ಮಾಡುತ್ತಾರೆ. ಮೈಕಿನಲ್ಲಿ ಗೆದ್ದವರ ಹೆಸರು ಕೂಗಿದ ಮರುಗಳಿಗೆಗೆ ಈ ಶಿಸ್ತೆಲ್ಲ ಎಲ್ಲಿ ಹೋಗುತ್ತದೆ? ಟೇಪು ಸುತ್ತಿಡುತ್ತಾರೆ, ಪಂಚರು ಚಹಾಕ್ಕೆ ಹೋಗುತ್ತಾರೆ, ಅಲ್ಲಿಂದ ರಾತ್ರಿಯವರೆಗೆ ಬೀದಿಯಲ್ಲಿ ನಡೆಯುವುದಕ್ಕೆ ಯಾರೂ ಜವಾಬು ಹೇಳುವವರಿಲ್ಲ.

ಆ ಹೊತ್ತಿನಲ್ಲಿ ಎತ್ತಿನ ಸ್ಥಿತಿ ಏನು? ಟನ್ನುಗಟ್ಟಲೆ ಕಲ್ಲನ್ನು ಎಳೆದು ಬಂದ ಪ್ರಾಣಿ ಅದು. ಪಕ್ಕೆ ಏರಿಳಿಯುತ್ತಿರುತ್ತದೆ, ಬಾಯಲ್ಲಿ ನೊರೆ, ಮೈಯೆಲ್ಲ ಕಾವು. ಅದಕ್ಕೆ ಬೇಕಾದುದು ನೆರಳು, ನೀರು, ನಿಧಾನವಾಗಿ ನಾಲ್ಕು ಹೆಜ್ಜೆ ನಡೆಸುವ ಕೈ. ನಾವು ಕೊಡುವುದು ಕಿವಿಯ ಪಕ್ಕದಲ್ಲಿ ಪಟಾಕಿ ಸರ, ಕಣ್ಣಿಗೆ ಗುಲಾಲು, ಎದೆ ನಡುಗಿಸುವ ಡಿಜೆ, ಸುತ್ತ ನೂರು ಜನರ ಕೂಗಾಟ. ಅದರ ಹಿಂದೆ ಸೈಲೆನ್ಸರ್ ಕಿತ್ತ ಬೈಕುಗಳು, ಒಂದೊಂದರ ಮೇಲೆ ಮೂವರು. ಬೆದರಿದ ಎತ್ತು ನುಗ್ಗುವುದು ಅಂಗಳದಲ್ಲಿ ಕೂತ ಮುದುಕಿಯ ಮೇಲೋ, ಹೆಗಲ ಮೇಲೆ ಕೂಸು ಹೊತ್ತ ತಂದೆಯ ಮೇಲೋ ಎಂದು ಗೊತ್ತಿದ್ದೂ ನಾವು ಹೇಳುವುದು ಒಂದೇ ಮಾತು: ಗೆದ್ದ ಖುಷಿ, ಇರಲಿ ಬಿಡ್ರಿ, ಹುಡುಗರು.

ಈ ‘ಇರಲಿ ಬಿಡ್ರಿ’ಯನ್ನೇ ನಾನು ಖಂಡಿಸುತ್ತಿದ್ದೇನೆ. ಹುಡುಗರನ್ನು ಬೈದು ಮುಗಿಸುವುದು ಸುಲಭ. ತಪ್ಪು ಅವರಿಗಿಂತ ಹೆಚ್ಚಾಗಿ ಬಿಳಿ ಪಂಚೆ ಉಟ್ಟು ವೇದಿಕೆಯ ಮೇಲೆ ಕೂತ ನಮ್ಮಂಥವರದು.

ಈ ಸಡಿಲು ದೊಡ್ಡ ಊರಿನಲ್ಲಿ ಎಲ್ಲಿಗೆ ಮುಟ್ಟಿತೆಂದು ನೋಡಿ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಕ್ರಿಕೆಟ್ ತಂಡ ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿ 18 ವರ್ಷಗಳಲ್ಲಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಮರುದಿನವೇ ಬೆಂಗಳೂರಿನಲ್ಲಿ ಸಂಭ್ರಮ ಆಗಲೇಬೇಕು ಎಂಬ ಅವಸರ. ಸುಮಾರು 35,000 ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಮೆರವಣಿಗೆ ಇದೆಯೋ ಇಲ್ಲವೋ, ಪ್ರವೇಶ ಪಾಸಿಗೋ ಪುಕ್ಕಟೆಯೋ ಎಂಬುದೇ ಜನರಿಗೆ ಖಚಿತವಾಗಿರಲಿಲ್ಲ. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯ ಪ್ರಾಯದವರು. ಹೊರಗೆ ಹೆಣಗಳನ್ನು ಸಾಗಿಸುತ್ತಿರುವಾಗಲೂ ಒಳಗೆ ಕಾರ್ಯಕ್ರಮ ನಡೆಯಿತು. ಆಮೇಲೆ ಪೊಲೀಸ್ ಕಮಿಷನರ್ ಅಮಾನತಾದರು, ನ್ಯಾಯಮೂರ್ತಿ ಮೈಕೆಲ್ ಡಿಕುನ್ಹ ಅವರ ಆಯೋಗ ಬಂತು, ಜನಸಂದಣಿ ನಿಯಂತ್ರಣದ ಮಸೂದೆ ಬಂತು. ಅಷ್ಟು ಜನ ಸೇರಿದ್ದಕ್ಕೆ ಮೇಲ್ನೋಟಕ್ಕೆ ತಂಡವೇ ಹೊಣೆ ಎಂದು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಹೇಳಿತು. ಎಲ್ಲವೂ ಬಂದದ್ದು ಹೆಣ ಬಿದ್ದ ಮೇಲೆ. ಅದಕ್ಕೆ ಹನ್ನೊಂದು ತಿಂಗಳ ಹಿಂದೆ, 2024ರ ಜುಲೈ 4ರಂದು, ಕ್ರಿಕೆಟ್ ವಿಶ್ವಕಪ್ ಗೆದ್ದು ಬಂದ ನಮ್ಮ ದೇಶದ ತಂಡವನ್ನು ನೋಡಲು ಮುಂಬೈಯ ಮರೀನ್ ಡ್ರೈವ್‌ನಲ್ಲಿ ಜನ ಕಿಕ್ಕಿರಿದು, ಹಲವರು ಆಸ್ಪತ್ರೆ ಸೇರಿದ್ದರು. ಎಚ್ಚರಿಕೆ ಕಣ್ಣೆದುರಿಗೇ ಇತ್ತು. ಅದನ್ನು ಓದಲು ಯಾರಿಗೂ ಬಿಡುವಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ನಮ್ಮ ಆದೋನಿ, ಕೋಸಗಿ ಕಡೆಯ ಹಳ್ಳಿಗಳು ಅರ್ಧಕ್ಕರ್ಧ ಖಾಲಿಯಾಗಿ ಜನ ದುಡಿಮೆಗೆ ಹೋಗುವ ಊರುಗಳಲ್ಲಿ ಬೆಂಗಳೂರೂ ಒಂದು. ಅದು ಎಲ್ಲೋ ದೂರದ ದೊಡ್ಡ ಪಟ್ಟಣದ ಸುದ್ದಿ ಎಂದು ಪೇಪರು ಮಡಚಿಡುವ ಹಕ್ಕು ನಮಗಿಲ್ಲ.

ಗೆದ್ದ ಗಳಿಗೆ ಎಲ್ಲವನ್ನೂ ಮಾಫಿ ಮಾಡುತ್ತದೆ ಎಂಬ ಭ್ರಮೆ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಸ್ಟಾಕ್ ಕಾರ್ ಪಂದ್ಯಗಳಿವೆ. ಹೊರನೋಟಕ್ಕೆ ಬೀದಿಯ ಕಾರಿನ ಹಾಗೇ ಕಾಣುವ ಕಾರುಗಳು, ಒಳಗೆ ಓಟಕ್ಕೆಂದೇ ಕಟ್ಟಿದವು. ನಾಸ್ಕಾರ್ ಎಂಬ ಸಂಸ್ಥೆ ಅವನ್ನು ನಡೆಸುತ್ತದೆ. 2009ರಲ್ಲಿ ನ್ಯಾಶ್‌ವಿಲ್‌ನಲ್ಲಿ ಗೆದ್ದ ಕೈಲ್ ಬುಷ್ ಎಂಬ ಚಾಲಕನಿಗೆ ಕೊಟ್ಟ ಬಹುಮಾನ ಒಂದು ಗಿಟಾರ್. ಸ್ಯಾಮ್ ಬಾಸ್ ಎಂಬ ಕಲಾವಿದ ಕೈಯಾರೆ ಚಿತ್ರ ಬರೆದದ್ದು. ಬುಷ್ ಅದನ್ನು ಎಲ್ಲರೆದುರು ನೆಲಕ್ಕೆ ಬಡಿದ. ಚೂರುಗಳನ್ನು ತನ್ನ ತಂಡದವರಿಗೆ ಹಂಚಬೇಕೆಂದಿದ್ದೆ ಎಂದ, ಮತ್ತೆರಡು ಗಿಟಾರ್ ಮಾಡಿಸುವುದಾಗಿಯೂ ಹೇಳಿದ. ಬರೆದವನ ಕೈಗೆ ಆದ ಅವಮಾನ ಹೊಸ ಗಿಟಾರಿನಿಂದ ತೀರುತ್ತದೆಯೇ? 2011ರಲ್ಲಿ ಟಲ್ಲಡೇಗಾ ಓಟಕ್ಕೆ ಮೊದಲು ಇನ್ನೂ ಕೆಟ್ಟದ್ದು ಕೇಳಿಬಂತು. ತಂಡದ ಮುಖ್ಯಸ್ಥ ಚಾಡ್ ಕನೌಸ್ ತನ್ನ ಚಾಲಕ ಜಿಮ್ಮಿ ಜಾನ್ಸನ್‌ಗೆ, ಗೆದ್ದರೆ ಕಾರಿನ ಹಿಂಭಾಗವನ್ನು ಜಖಂ ಮಾಡಿಬಿಡು ಎಂದು ಹೇಳಿದ್ದು ಕಾರಿನೊಳಗಿನ ಧ್ವನಿಮುದ್ರಣದಲ್ಲಿ ದಾಖಲಾಯಿತು. ಓಟದ ನಂತರ ಗೆದ್ದ ಕಾರಿನ ಅಳತೆ ನೋಡುತ್ತಾರೆ. ಸಂಭ್ರಮದ ಹೆಸರಿನಲ್ಲಿ ಹಿಂಭಾಗ ಮುರಿದರೆ ಅಳೆಯುವುದಕ್ಕೇನೂ ಉಳಿಯುವುದಿಲ್ಲ. ಜಾನ್ಸನ್ ಆ ದಿನ ಗೆಲ್ಲಲಿಲ್ಲ. ಆದರೆ ಖುಷಿಯ ಹೊಗೆಯೊಳಗೆ ಏನನ್ನು ಬೇಕಾದರೂ ಮುಚ್ಚಬಹುದು ಎಂದು ಬಲ್ಲವರು ಇದ್ದಾರೆ ಎಂಬುದು ಆ ಮಾತಿನಿಂದ ಬಯಲಾಯಿತು.

ಅದೇ ಪಂದ್ಯಗಳಲ್ಲಿ ಘನವಾದ ಮರ್ಯಾದೆಯೂ ಇದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. 1988ರಲ್ಲಿ ಫೀನಿಕ್ಸ್‌ನಲ್ಲಿ ಮೊದಲ ಗೆಲುವು ಕಂಡ ಅಲನ್ ಕುಲ್ವಿಕಿ ಕಾರನ್ನು ತಿರುಗಿಸಿ ಉಲ್ಟಾ ದಿಕ್ಕಿನಲ್ಲಿ ಒಂದು ಸುತ್ತು ಹಾಕಿದ. ಹಾಗೆ ಹೋದರೆ ಚಾಲಕನ ಕಿಟಕಿ ಜನರ ಕಡೆಗಿರುತ್ತದೆ, ಕೈಬೀಸಿದರೆ ಅವರಿಗೆ ಕಾಣುತ್ತದೆ. ಇಷ್ಟೇ. ಯಾರಿಗೂ ನೋವಿಲ್ಲ, ಏನೂ ಮುರಿಯಲಿಲ್ಲ. 1993ರಲ್ಲಿ ಅವನು ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವನ ನೆನಪಿಗೆ ಬೇರೆ ಚಾಲಕರು ಹಾಗೆಯೇ ಸುತ್ತು ಹಾಕಿದರು. ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ 1964ರಿಂದ ಗೆದ್ದವರಿಗೆ ಆಳೆತ್ತರದ ಮರದ ಗಡಿಯಾರ ಕೊಡುತ್ತಾರೆ. ಆ ಸೀಮೆಯ ಬಡಗಿ ಕಾರ್ಖಾನೆಗಳ ದುಡಿಮೆಯ ಗುರುತು ಅದು. ಹಣದ ಗಂಟಿಗಿಂತ ಆ ಗಡಿಯಾರ ಮನೆಗೆ ಬರಬೇಕೆಂದು ಹಂಬಲಿಸುವ ಚಾಲಕರಿದ್ದಾರೆ.

ಈಗ ನಮ್ಮ ಬಹುಮಾನಗಳನ್ನು ನೋಡಿ. ಕರಾವಳಿಯ ಕಂಬಳದಲ್ಲಿ ಹಿಂದೆ ಗೆದ್ದ ಕೋಣಗಳ ಯಜಮಾನನಿಗೆ ಬಾಳೆಗೊನೆ, ತೆಂಗಿನಕಾಯಿ ಸಿಕ್ಕರೆ ಅದೇ ಗೌರವ. ಇಂದು ಪವನಿನ ಲೆಕ್ಕದಲ್ಲಿ ಬಂಗಾರ. ಹಾವೇರಿ ಕಡೆಯ ಹೋರಿ ಹಬ್ಬಕ್ಕೆ ಬೈಕು, ಫ್ರಿಜ್ಜು. ಮಧುರೆಯ ಜಲ್ಲಿಕಟ್ಟಿನಲ್ಲಿ ಕಾರು, ಟ್ರ್ಯಾಕ್ಟರ್. ನಮ್ಮ ಪಂದ್ಯಗಳೂ ಅದೇ ದಾರಿ ಹಿಡಿದಿವೆ. ಬಹುಮಾನ ದೊಡ್ಡದಾದಷ್ಟೂ ಎತ್ತಿನ ಬೆನ್ನ ಮೇಲೆ ಬೀಳುವ ಕೋಲು ಬಿರುಸಾಗುತ್ತದೆ, ಗೆದ್ದವನ ಕೂಗು ಸೋತವನ ಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇಂಥ ಪಂದ್ಯಗಳಿಗೆ ಅವಕಾಶ ಕೊಡುವ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿದಾಗ ಗೆದ್ದೆವೆಂದು ಸಿಹಿ ಹಂಚಿದವರು, ಪ್ರಾಣಿಗೆ ನೋವಾಗದಂತೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಅಷ್ಟೇ ಉತ್ಸಾಹದಿಂದ ಓದಲಿಲ್ಲ.

ಮಾರ್ಟಿನ್ಸ್‌ವಿಲ್‌ನ ಗಡಿಯಾರದಂಥ ದುಡಿಮೆಯ ಗುರುತು ನಮ್ಮಲ್ಲೂ ಇದೆ. ಎಮ್ಮಿಗನೂರಿನಲ್ಲಿ ಮಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಆ ಮಗ್ಗಗಳಿಂದಲೇ ಈ ಊರಿಗೆ ಹೆಸರು ಬಂತು. ಗೆದ್ದ ಯಜಮಾನನ ಹೆಗಲಿಗೆ ಆ ಮಗ್ಗದ ಬಟ್ಟೆ, ಗೆದ್ದ ಎತ್ತಿನ ಬೆನ್ನಿಗೆ ನಮ್ಮ ಕುರುಬರು ನೇಯ್ದ ಕಂಬಳಿ ಹೊದಿಸಿದರೆ ಯಾರ ಮರ್ಯಾದೆ ಕಮ್ಮಿಯಾಗುತ್ತದೆ? ಬುಲೆಟ್ ಬೈಕು ಕೊಡುವ ದಾನಿಗಳು ಆ ಹಣದಲ್ಲಿ ಜಾತ್ರೆಯ ಬಯಲಿಗೆ ಪಶುವೈದ್ಯರನ್ನು ಕರೆಸಲಿ, ನೀರಿನ ತೊಟ್ಟಿ ಕಟ್ಟಿಸಲಿ.

ದೇವರಗಟ್ಟಿನ ಬನ್ನಿ ಉತ್ಸವದ ಬಗ್ಗೆಯೂ ಹೇಳದಿದ್ದರೆ ನಾನು ಹೇಡಿಯಾಗುತ್ತೇನೆ. ಹೊಳಗುಂದ ಮಂಡಲದ ಆ ಬೆಟ್ಟದಲ್ಲಿ ದಸರೆಯ ನಡುರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರು ಊರುಗಳು ಬಡಿಗೆ ಹಿಡಿದು ಸೆಣಸುತ್ತವೆ. ವರ್ಷ ವರ್ಷ ಹತ್ತಾರು ತಲೆ ಒಡೆಯುತ್ತವೆ, ಪೊಲೀಸರು ಬರುತ್ತಾರೆ, ಮಾರನೆಯ ದಿನ ಗಾಯಾಳುಗಳ ಲೆಕ್ಕ ಪೇಪರಿನಲ್ಲಿ ಬರುತ್ತದೆ. ನಾನೂ ಮಲ್ಲಯ್ಯನಿಗೆ ಕೈಮುಗಿಯುವವನೇ. ಅರಿಶಿನ ಹಚ್ಚಿದರೆ ಗಾಯ ಮಾಯುತ್ತದೆ, ದೇವರ ಸೇವೆ ಎಂದು ಹೇಳುವ ಹಿರಿಯರು ಆ ರಾತ್ರಿ ಕುಡಿದು ಬರುವ ಹುಡುಗನ ಕೈಯಿಂದ ಬಡಿಗೆ ಕಸಿದುಕೊಳ್ಳುವುದನ್ನು ಯಾವ ದೇವರೂ ಬೇಡವೆಂದಿಲ್ಲ.

ಪುಷ್ಯ ಮಾಸಕ್ಕೆ ಎಮ್ಮಿಗನೂರಿನಲ್ಲಿ ನೀಲಕಂಠೇಶ್ವರನ ಜಾತ್ರೆ, ದನಗಳ ಸಂತೆ. ಅದಕ್ಕೆ ಮೊದಲು ಪಂದ್ಯ ನಡೆಸುವ ಕಮಿಟಿಗಳು ಕೂತು ಕರಪತ್ರ ಬರೆಸುತ್ತವೆ: ಇಂತಿಷ್ಟು ಹಲ್ಲು, ಇಂತಿಷ್ಟು ತೂಕ, ಇಂತಿಷ್ಟು ಬಹುಮಾನ. ಅದೇ ಹಾಳೆಯಲ್ಲಿ ಇನ್ನೂ ನಾಲ್ಕು ಸಾಲು ಸೇರಿಸಿ. ಗೆದ್ದ ಎತ್ತುಗಳ ಉಸಿರು ಇಳಿಯುವವರೆಗೆ ಅವುಗಳ ಹತ್ತಿರ ಯಜಮಾನನನ್ನು ಬಿಟ್ಟು ಬೇರೆ ಯಾರೂ ಸುಳಿಯುವಂತಿಲ್ಲ. ಮೆರವಣಿಗೆಯಲ್ಲಿ ಪಟಾಕಿ, ಡಿಜೆ ಇಲ್ಲ, ಡೊಳ್ಳು ಸಾಕು. ಸೈಲೆನ್ಸರ್ ಕಿತ್ತ ಬೈಕು ಬಂದರೆ ಆ ಜೋಡಿಯ ಬಹುಮಾನ ರದ್ದು. ಮೆರವಣಿಗೆ ಮುಗಿಯುವವರೆಗೆ ಹೊಣೆ ಹೊರುವ ಇಬ್ಬರು ಹಿರಿಯರ ಹೆಸರು ಕರಪತ್ರದಲ್ಲೇ ಅಚ್ಚಾಗಿರಬೇಕು, ಅವರು ಎತ್ತು ಕೊಟ್ಟಿಗೆ ಸೇರುವವರೆಗೆ ಮನೆಗೆ ಹೋಗಬಾರದು.